ಎತ್ತಿನ ಬಿಲ್ಲೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಿಮ್ಮ ಗುರುಗಳು ಬದುಕಿಡೀ ಈ ಮಠದಲ್ಲೇ ಇದ್ದರು. ಆದರೂ ಅವರದೊಂದು ಗದ್ದುಗೆಯಿಲ್ಲ, ಗ್ರಂಥವಿಲ್ಲ, ಕಲ್ಲಿನ ಮೇಲೆ ಹೆಸರೂ ಇಲ್ಲ. ಗುರುತೇ ಉಳಿಸದೆ ಹೋದವರನ್ನು ದೊಡ್ಡವರೆಂದು ಹೇಗೆ ನಂಬಲಿ?”

ಗುರುಗಳು ಸಿಟ್ಟಾಗಲಿಲ್ಲ. ಒಂದು ಕತೆ ಹೇಳಿದರು.

ಬ್ರಿಟಿಷರ ಕಾಲದಲ್ಲಿ ಒಂದು ಪೇಟೆಯಲ್ಲಿ ಚಿಲ್ಲರೆಗೆ ಬರ ಬಂತು. ಸರ್ಕಾರದ ಕಾಸು ಕಣ್ಣಿಗೆ ಬೀಳದಾಯಿತು. ಆಗ ಇಬ್ಬರು ವ್ಯಾಪಾರಿಗಳು ತಾವೇ ತಾಮ್ರದ ಬಿಲ್ಲೆ ಹೊಡೆಸಿದರು. ಒಬ್ಬನದರ ಮೇಲೆ ನವಿಲು, ಇನ್ನೊಬ್ಬನದರ ಮೇಲೆ ಎತ್ತು. ಬಿಲ್ಲೆ ತಂದವರಿಗೆ ಕಾಳು ಅಳೆದು ಕೊಡುತ್ತೇವೆ ಎಂಬ ಮಾತೊಂದೇ ಅದರ ಬೆಲೆ.

ಎಷ್ಟೋ ಕಾಲದ ಮೇಲೆ ಒಬ್ಬ ಸಂಗ್ರಾಹಕನಿಗೆ ಇಂಥ ಬಿಲ್ಲೆಗಳ ಹುಚ್ಚು ಹಿಡಿಯಿತು. ನವಿಲಿನ ಬಿಲ್ಲೆ ಅವನಿಗೆ ಹಿಡಿ ಹಿಡಿಯಾಗಿ ಸಿಕ್ಕಿತು. ಎತ್ತಿನದು ಮಾತ್ರ ಹಳಬರ ಬಾಯಲ್ಲಿತ್ತು, ಯಾರ ಕೈಯಲ್ಲೂ ಇರಲಿಲ್ಲ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಅದಕ್ಕೊಂದು ಗುಳಿ ಮಾಡಿಸಿಟ್ಟು, ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ. ಅದೊಂದು ಸಿಗದೆ ಸತ್ತರೆ ಬದುಕೇ ದಂಡ ಎಂದು ಅವನಿಗೆ ಅನಿಸತೊಡಗಿತು. ಹುಚ್ಚು ಎಂದರೆ ಹಾಗೇ. ಕೊನೆಗೆ ಆ ಪೇಟೆಗೇ ಹೋಗಿ ಎತ್ತಿನ ಬಿಲ್ಲೆ ಹೊಡೆಸಿದವನ ಮನೆ ಹುಡುಕಿ, ಬಾಗಿಲಿಗೆ ಬಂದ ಸೊಸೆಯನ್ನು ಕೇಳಿದ:

“ತಾಯಿ, ನಿಮ್ಮ ಹಿರಿಯರ ಬಿಲ್ಲೆ ಒಂದಾದರೂ ಇದೆಯೇ? ಕೇಳಿದಷ್ಟು ಕೊಡುತ್ತೇನೆ.”

“ಒಂದೂ ಇಲ್ರೀ ಯಪ್ಪಾ. ಅಂಗಡಿ ಮುಚ್ಚೂ ಮುಂದ ಮುತ್ಯಾ ಡಂಗುರ ಹೊಡಿಸಿ, ಬಂದ ಬಿಲ್ಲಿಗೆಲ್ಲಾ ಕಾಳು ಅಳದು ಕೊಟ್ರಂತ. ಒಂದು ಕಮ್ಮಿ ಬಿತ್ತಂತ ಸಂತಿ ಸಂತಿ ತಿರುಗಿ, ಅದನ್ನ ಇಟಗೊಂಡಾಕಿನ್ನ ಹುಡುಕಿ ಕಾಳು ಕೊಟ್ಟು ಬಂದ್ರಂತ. ಆಮ್ಯಾಲೆ ಎಲ್ಲಾ ಕರಗಿಸಿ ಈ ಕೊಡ ಮಾಡಿಸಿದ್ರು. ಬಿಸಿಲಾಗ ಬಂದೀರಿ, ಮೊದಲ ನೀರು ಕುಡೀರಿ.”

ಅವನು ನೀರು ಕುಡಿದ. ಕೊಡವನ್ನೇ ನೋಡುತ್ತ ಕೇಳಿದ: “ಹಾಗಾದರೆ ನವಿಲಿನ ಬಿಲ್ಲೆ ಇಷ್ಟೊಂದು ಸಿಗುವುದು ಯಾಕೆ?”

“ಆ ಸಾವ್ಕಾರ ಬಾಗಲಾ ಹಾಕ್ಕೊಂಡು ಊರು ಬಿಟ್ಟ. ಮಂದಿ ಬಿಲ್ಲಿ ಹಿಡಕೊಂಡು ನಿಂತಾಂಗ ನಿಂತ್ರು. ತಿನ್ನಾಕ ಬರಂಗಿಲ್ಲ, ಒಗಿಯಾಕ ಮನಸ್ಸಾಗಂಗಿಲ್ಲ. ಹಂಗ ಉಳದಾವು ನೋಡ್ರಿ.”

ಸಂಗ್ರಾಹಕ ಮನೆಗೆ ಬಂದು ಪೆಟ್ಟಿಗೆ ತೆರೆದ. ಇಷ್ಟು ವರ್ಷ ಹೆಮ್ಮೆಯಿಂದ ಒರೆಸಿ ಒರೆಸಿ ಇಟ್ಟ ನವಿಲುಗಳನ್ನು ಕಂಡು ಅವನಿಗೆ ನಾಚಿಕೆಯಾಯಿತು. ಒಂದೊಂದು ಬಿಲ್ಲೆಯ ಹಿಂದೆಯೂ ಖಾಲಿ ಚೀಲ ಹೊತ್ತು ಮರಳಿದ ಯಾರೋ ಒಬ್ಬರಿದ್ದರು. ಆಮೇಲೆ ಅವನು ಎತ್ತಿನ ಬಿಲ್ಲೆಯನ್ನು ಹುಡುಕಲಿಲ್ಲ. ಪೆಟ್ಟಿಗೆ ನೋಡಲು ಬಂದವರಿಗೆ ಮೊದಲು ಆ ಖಾಲಿ ಗುಳಿಯನ್ನೇ ತೋರಿಸುತ್ತಿದ್ದ.

ಕತೆ ಮುಗಿಯಿತು. ಶಿಷ್ಯ ಇನ್ನೂ ಕಾಯುತ್ತ ಕೂತಿದ್ದ. ಗುರುಗಳು ಎದ್ದು ನಿಂತು ಹೇಳಿದರು:

“ನಮ್ಮ ಗುರುಗಳ ಬಾಗಿಲಿಂದ ಬರಿಗೈಲಿ ಮರಳಿದವನು ಒಬ್ಬನಿದ್ದರೆ ಹುಡುಕಿ ಕರೆತಾ, ಅವರ ಗುರುತು ಅವನ ಹತ್ತಿರ ಉಳಿದಿರುತ್ತದೆ.”