ಬೆಕ್ಕಿನ ಮೆಚ್ಚುಗೆ

ಬೇಕರಿಯ ಕಿಟಕಿಗೆ ತಾಗಿಕೊಂಡಿದ್ದ ಹೊಂಗೆಕೊಂಬೆಯಲ್ಲಿ ಒಬ್ಬ ಅಳಿಲಮ್ಮ ಮರಿಯೊಂದಿಗೆ ವಾಸವಾಗಿದ್ದಳು. ಕೈ ಚಾಚಿದರೆ ಬನ್ನು. ಮರಿಯ ಬಾಯಿ ಒಂದು ಗಳಿಗೆ ಖಾಲಿಯಿದ್ದರೂ ಅವಳಿಗೆ ಜೀವ ತಡೆಯುತ್ತಿರಲಿಲ್ಲ. ಮಗು ಸೊರಗಿದೆ ಎಂದು ಯಾರಾದರೂ ಅಂದುಬಿಟ್ಟರೆ?

ಪಕ್ಕದ ಕೊಂಬೆಯ ಓತಿಕ್ಯಾತ ಸುಮ್ಮನಿರಲಾರದೆ ಹೇಳಿತು: "ಅಳಿಲಮ್ಮ, ಇವನ ಓರಗೆಯವರೆಲ್ಲ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದಾರೆ. ಇವನು ಕೂತಲ್ಲೇ ಏದುಸಿರು ಬಿಡುತ್ತಾನೆ. ತಿನ್ನಿಸುವುದನ್ನು ಸ್ವಲ್ಪ ಕಡಿಮೆ ಮಾಡಿ."

"ತಿನ್ನುವ ಮಗುವಿಗೆ ದೃಷ್ಟಿ ಹಾಕಬೇಡಿ!" ಎಂದು ಅವಳು ಬಾಲ ಕೊಡವಿ, ಮರಿಯ ಬಾಯಿಗೆ ಇನ್ನೊಂದು ತುಂಡು ಇಟ್ಟಳು.

ಆಗ ಕೆಳಗಿನಿಂದ ಮೆಲುದನಿಯೊಂದು ಕೇಳಿಸಿತು. "ಅಬ್ಬಾ, ಎಷ್ಟು ಚೆನ್ನಾಗಿ ಮೈಕೈ ತುಂಬಿಕೊಂಡಿದ್ದಾನೆ ನಿಮ್ಮ ಮಗ!"

ಈ ಒಂದು ಮಾತಿಗಾಗಿಯೇ ಅವಳು ಇಷ್ಟು ದಿನ ಕಾದಿದ್ದಳು. ಹಿಗ್ಗಿನಿಂದ ಬಗ್ಗಿ ನೋಡಿದಳು. ಬೆಕ್ಕು ಕಾಂಡಕ್ಕೆ ಉಗುರು ಊರಿ ಮೇಲಕ್ಕೆ ಹತ್ತುತ್ತಿತ್ತು.

"ಹಾರು ಮಗನೇ, ಎದುರಿನ ಕೊಂಬೆಗೆ ಹಾರು!"

ಮರಿ ಬಾಯಲ್ಲಿದ್ದುದನ್ನು ನುಂಗಿ ಕಣ್ಣುಕಣ್ಣು ಬಿಟ್ಟಿತು. "ಹಾರುವುದು ಹೇಗಮ್ಮ? ನೀನು ಹಾರಿದ್ದನ್ನು ನಾನು ಒಂದು ಸಲವೂ ನೋಡಿಲ್ಲವಲ್ಲ."

ಅಳಿಲಮ್ಮ ಎದುರಿನ ಕೊಂಬೆಯನ್ನು ನೋಡಿದಳು. ಒಂದು ಕಾಲಕ್ಕೆ ಅದು ಎಷ್ಟು ಹತ್ತಿರವಿತ್ತು! ಬೆಕ್ಕು ಇನ್ನಷ್ಟು ಮೇಲೇರಿತು. ಕೈಯಲ್ಲಿದ್ದ ಬನ್ನನ್ನು ಬಿಟ್ಟು, "ನನ್ನನ್ನೇ ನೋಡುತ್ತಿರು, ಹಾಗೆಯೇ ಮಾಡು" ಎಂದು ಅವಳು ಹಾರಿದಳು. ಕೊಂಬೆ ಬಾಗಿತು, ಉಗುರು ಜಾರಿತು, ಹೇಗೋ ಕಚ್ಚಿಕೊಂಡಳು.

ತಿರುಗಿ ನೋಡಿದರೆ, ಮರಿ ಕೆಳಗೆ ಬಿದ್ದ ಬನ್ನನ್ನೇ ನೋಡುತ್ತಿತ್ತು.