ಮುಲಾಮು ಹಚ್ಚದ ತೋಳು

ನೀಲಗಂಗಾ ಚರ್ಮರೋಗದ ಡಾಕ್ಟರು. ಆದರೆ ಅವಳ ಎರಡೂ ತೋಳುಗಳಿಗೇ ಇಸುಬು. ರೋಗಿಗಳಿಗೆ ಕಾಣದಿರಲೆಂದು ಸದಾ ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ಗೊತ್ತಿದ್ದ ಔಷಧಗಳನ್ನೆಲ್ಲ ಹಚ್ಚಿಯೂ ಗುಣವಾಗದಾಗ ತಾನೇ ಒಂದು ಹೊಸ ಮುಲಾಮು ತಯಾರಿಸಿದಳು. ಬೇರೆಯವರಿಗೆ ಕೊಡುವ ಮೊದಲು ತನ್ನ ಮೈಮೇಲೇ ಪರೀಕ್ಷಿಸಲು ಹೊರಟಳು.

ಕೆಲವೇ ವಾರಗಳಲ್ಲಿ ಎರಡೂ ತೋಳು ನುಣುಪಾದವು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವೈದ್ಯರ ಸಮ್ಮೇಳನದಲ್ಲಿ ಮುಲಾಮಿನ ಬಗ್ಗೆ ಮಾತಾಡುವುದಾಗಿ ಹೆಸರು ಕೊಟ್ಟು, ತನ್ನ ಗುರು ಮಹಾಂತಯ್ಯನವರ ಬಳಿಗೆ ಓಡಿದಳು.

ಗುರುಗಳು ತೋಳು ನೋಡಿ ಸಂತೋಷಪಟ್ಟರು. ಆಮೇಲೆ ಕೇಳಿದರು, "ಹಚ್ಚದೆ ಬಿಟ್ಟ ತೋಳು ಯಾವುದವ್ವಾ?"

ನೀಲಗಂಗಾ ಎರಡೂ ತೋಳಿಗೆ ಹಚ್ಚಿದ್ದಳು; ಹೋಲಿಸಿ ನೋಡಲು ಹಚ್ಚದ ತೋಳೇ ಉಳಿದಿರಲಿಲ್ಲ. ಅಂದೇ ಎಡತೋಳಿಗೆ ಮುಲಾಮು ನಿಲ್ಲಿಸಿದಳು. ಅಲ್ಲಿ ಇಸುಬು ಮರಳಿ ಬಂದರೆ ಮುಲಾಮು ಗೆದ್ದಂತೆ. ಆದರೆ ಎಷ್ಟು ಕಾದರೂ ಅದು ಬರಲಿಲ್ಲ.

ಸಮ್ಮೇಳನ ಹತ್ತಿರವಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಪ್ರಶ್ನೆ ಅವಳನ್ನು ಬಿಡಲಿಲ್ಲ. ಮುಲಾಮಲ್ಲದಿದ್ದರೆ ವಾಸಿ ಮಾಡಿದ್ದು ಯಾವುದು? ಆ ದಿನಗಳಲ್ಲಿ ತಾನು ಬದಲಿಸಿದ್ದೇನೆಂದು ಕೂತು ಯೋಚಿಸಿದಳು. ಆಗ ನೆನಪಾಯಿತು. ಮುಲಾಮು ತೊಳೆದುಹೋದೀತೆಂದು, ಸ್ನಾನದಲ್ಲಿ ಘಾಟು ಸೋಪು ಹಾಕಿ ತೋಳು ಉಜ್ಜುವುದನ್ನು ಬಿಟ್ಟಿದ್ದಳು! ಎಡತೋಳಿಗೆ ಮುಲಾಮು ನಿಲ್ಲಿಸಿದ ಮೇಲೂ ಸೋಪು ಹಾಕಿರಲಿಲ್ಲ.

ಕೂಡಲೇ ಹೊಸ ಪರೀಕ್ಷೆ ಶುರುವಾಯಿತು. ಮುಲಾಮನ್ನು ಪೂರ್ತಿ ನಿಲ್ಲಿಸಿದಳು. ಬಲತೋಳಿಗೆ ಬರೀ ನೀರು, ಎಡತೋಳಿಗೆ ಮತ್ತೆ ಅದೇ ಸೋಪು. ಸ್ವಲ್ಪ ದಿನಕ್ಕೆ ಎಡತೋಳು ಕೆಂಪಾಗಿ ತುರಿಸತೊಡಗಿತು. ಬಲತೋಳಿಗೆ ಏನೂ ಆಗಲಿಲ್ಲ. ತುರಿಕೆ ಬಂತೆಂದು ಅಷ್ಟು ಖುಷಿಪಟ್ಟವರು ಆ ಊರಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ತುರಿಸಿಕೊಳ್ಳುತ್ತಲೇ ಗುರುಗಳಿಗೆ ಫೋನು ಮಾಡಿ ಎಲ್ಲ ಹೇಳಿದಳು.

ಸಮ್ಮೇಳನದಲ್ಲಿ ಅವಳು ರವಿಕೆಯ ತೋಳು ಮಡಚಿ ಎರಡೂ ಕೈ ತೋರಿಸಿ, "ನನ್ನ ಮುಲಾಮು ಸೋತಿತು. ಅದರ ಕಥೆ ಹೇಳಲು ಬಂದಿದ್ದೇನೆ" ಎಂದಳು. ಸಭೆ ಮೊದಲು ನಕ್ಕಿತು, ಆಮೇಲೆ ಮೈಯೆಲ್ಲ ಕಿವಿಯಾಯಿತು. ಇದು ಒಬ್ಬಳ ಮೈಮೇಲೆ ಕಂಡದ್ದು, ಇನ್ನೂ ಅನೇಕರಲ್ಲಿ ನೋಡಬೇಕು ಎಂದೂ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

ಹಲವು ಡಾಕ್ಟರುಗಳು ಮುಂದೆ ಬಂದರು. ಒಪ್ಪಿದ ರೋಗಿಗಳು ಘಾಟು ಸೋಪು ಬಿಟ್ಟು ನೋಡಿದರು. ಎಲ್ಲರಿಗೂ ಗುಣವಾಗಲಿಲ್ಲ, ಆದರೆ ಬಹಳ ಮಂದಿಗೆ ತುರಿಕೆ ತಗ್ಗಿತು. ಒಂದು ಬೆಳಿಗ್ಗೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದು, "ಡಾಕ್ಟ್ರೇ, ನಿನ್ನೆ ಇವಳು ಕೆರೆದುಕೊಳ್ಳದೆ ಮಲಗಿದಳು" ಎಂದಳು.

ನೀತಿ: ನಾವು ನಂಬಿದ್ದು ನಿಜವೇ ಎಂದು ನಾವೇ ಪರೀಕ್ಷಿಸಬೇಕು. ಸುಳ್ಳೆಂದು ಕಂಡರೆ ಮುಚ್ಚಿಡದೆ ಹೇಳಬೇಕು. ನಾಲ್ಕು ಜನರಿಗೆ ಒಳ್ಳೆಯದಾಗುವುದು ಆಗಲೇ.