ನುಣ್ಣಗಾಗಬೇಕೆಂದ ಬಿಲ್ಲೆ

“ಮತ್ತೆ ಕರೆದಿರಾ? ನನ್ನನ್ನು ನೆಮ್ಮದಿಯಾಗಿ ಉರಿಯಲೂ ಬಿಡುವುದಿಲ್ಲವಲ್ಲ!” ಎಂದು ಪ್ರಯೋಗಾಲಯದ ಕುಲುಮೆಯಮ್ಮ ಸಿಡುಕಿದಳು.

ಅವಳ ಮಡಿಲಲ್ಲಿ ಗಾಜಿನ ಪುಡಿ ಹರಳುಗಳನ್ನು ಒತ್ತಿ ಮಾಡಿದ ಎರಡು ಬಿಲ್ಲೆಗಳು ಬೇಯುತ್ತಿದ್ದವು. ನೀರು ಸೋಸುವ ಆಲಿಕೆಯೊಳಗೆ ಕೂರುವ ಆಸೆ ಇಬ್ಬರಿಗೂ ಇತ್ತು. ಜಾಗ ಇದ್ದದ್ದು ಒಬ್ಬಳಿಗೆ ಮಾತ್ರ.

“ಅಮ್ಮಾ, ನನ್ನ ಹರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು,” ಎಂದಳು ತಂಗಿ ಬಿಲ್ಲೆ.

“ಹಾಗಾದರೆ ಹೊರಡು. ಹರಳುಗಳ ನಡುವೆ ಸಂದು ಇರುವಾಗಲೇ ಹೊರಬೀಳಬೇಕು.”

ಅಕ್ಕ ಬಿಲ್ಲೆ ಕಿಸಕ್ಕನೆ ನಕ್ಕಳು. “ಮೈತುಂಬ ತೂತು! ಈ ಅವತಾರದಲ್ಲಿ ಆಲಿಕೆ ಏರುತ್ತೀಯೇನೇ? ಅಮ್ಮಾ, ನನಗೆ ಇನ್ನಷ್ಟು ಕಾವು ಕೊಡು. ನಾನು ನುಣ್ಣಗೆ ಹೊಳೆಯಬೇಕು.”

“ಬೇಡ ಕಣೇ, ಕೆಟ್ಟುಹೋಗುತ್ತೀಯ.”

“ಗೊತ್ತು ಬಿಡು, ನಿನಗೆ ತಂಗಿಯೇ ಹೆಚ್ಚು!”

ಕುಲುಮೆಯಮ್ಮನಿಗೆ ರೇಗಿಹೋಯಿತು. ಅವಳು ಕಾವು ಏರಿಸಿಯೇಬಿಟ್ಟಳು. ಅಕ್ಕನ ಹರಳುಗಳು ಕರಗಿ ಒಂದಾದವು, ಸಂದುಗಳೆಲ್ಲ ಮುಚ್ಚಿಹೋದವು, ಮೈ ಥಳಥಳ ಹೊಳೆಯಿತು.

ಆಲಿಕೆ ಆ ಹೊಳಪಿಗೆ ಮರುಳಾಗಿ ಅಕ್ಕನನ್ನೇ ಕೂರಿಸಿಕೊಂಡಿತು. ಅಕ್ಕ ತಂಗಿಯ ಕಡೆ ನೋಡಿ ಮೂತಿ ತಿರುವಿದಳು. ಅಷ್ಟರಲ್ಲಿ ಮೇಲಿನಿಂದ ಕೆಸರು ನೀರು ಸುರಿಯಿತು. ಕೆಳಗೆ ಸೀಸೆ ಬಾಯಿ ತೆರೆದು ಕಾಯುತ್ತಿತ್ತು. ಒಂದು ಹನಿಯೂ ಇಳಿಯಲಿಲ್ಲ.

“ಏನಮ್ಮಾ, ನಿದ್ದೆಯೇ?” ಎಂದು ಸೀಸೆ ಗದರಿತು.

ನೀರು ಮಾತ್ರ ಮರ್ಯಾದೆಯಿಂದಲೇ ಕೇಳಿತು.

“ಅಕ್ಕಾ, ಮಣ್ಣನ್ನು ನಿಮ್ಮ ಹತ್ತಿರ ಬಿಟ್ಟು ಕೆಳಗಿಳಿ ಎಂದರು. ಮಣ್ಣು ಬಿಡುತ್ತೇನೆ, ಆದರೆ ನಾನು ಯಾವ ದಾರಿಯಲ್ಲಿ ಇಳಿಯಲಿ?”